ಬೆರಳ ತುದಿಯ ಸಾಕ್ಷಿ: ಪಲ್ಸ್ ಆಕ್ಸಿಮೀಟರನ್ನು ಎಷ್ಟು ನಂಬಬಹುದು?

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತದೆ ಗಾದೆ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡಲು ಮಾತ್ರ ಕನ್ನಡಿ ಬೇಕೇ ಬೇಕು. ತುಟಿ ನೀಲಿಗಟ್ಟಿ ಕಣ್ಣಿಗೆ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಆ ಕನ್ನಡಿಯೇ ಪಲ್ಸ್ ಆಕ್ಸಿಮೀಟರ್, ಬೆರಳಿಗೆ ಕಚ್ಚಿಸುವ ಪುಟ್ಟ ಕ್ಲಿಪ್ಪು. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಯಾವುದೋ ಕಂಪನಿಯ ಒಂದು ಮಾದರಿಯನ್ನಲ್ಲ, ಬೆರಳ ಕ್ಲಿಪ್ ಎಂಬ ಇಡೀ ಜಾತಿಯನ್ನು. ಅದು 95 ಎಂದು, ಅಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ಶೇ. 95 ಭಾಗ ಆಮ್ಲಜನಕ ಹೊತ್ತಿದೆ ಎಂದು, ತೋರಿಸಿದಾಗ ನಮಗೆ ತಿಳಿದದ್ದಾದರೂ ಏನು? ಪ್ರಶ್ನೆ ಜ್ಞಾನಮೀಮಾಂಸೆಯದು, ಅಂದರೆ ತಿಳಿದದ್ದು ಹೇಗೆ ತಿಳಿಯಿತು ಎಂದು ಕೇಳುವ ಶಾಸ್ತ್ರದ್ದು. ಉತ್ತರ ತಪ್ಪಿದರೆ ಕೈತಪ್ಪುವುದು ಆಸ್ಪತ್ರೆಯ ಹಾಸಿಗೆ, ಆಮ್ಲಜನಕ, ಔಷಧಿ.

ಮೊದಲು ಒಳಗೇನಿದೆ ನೋಡೋಣ. ಕ್ಲಿಪ್ಪಿನ ಒಂದು ದವಡೆಯಲ್ಲಿ ಎರಡು ಎಲ್‌ಇಡಿಗಳಿವೆ: ಸುಮಾರು 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಒಂದು, ಸುಮಾರು 940 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಇನ್ನೊಂದು. ಎದುರು ದವಡೆಯಲ್ಲಿ ಬೆಳಕನ್ನು ಹಿಡಿಯುವ ಫೋಟೋಡಯೋಡ್. ಎರಡೂ ದೀಪಗಳು ಸೆಕೆಂಡಿಗೆ ನೂರಾರು ಬಾರಿ ಸರದಿಯಂತೆ ಮಿನುಗುತ್ತವೆ. ನಡುವೆ ಎರಡೂ ಆರಿರುವ ಕ್ಷಣದಲ್ಲಿ ಕೋಣೆಯ ಬೆಳಕೆಷ್ಟು ಎಂದು ಅಳೆದು ಅದನ್ನು ಕಳೆಯಲಾಗುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಇನ್‌ಫ್ರಾರೆಡ್ಡನ್ನು ಹೆಚ್ಚು ಹೀರುತ್ತದೆ, ಬರಿಗೈಯ ಹಿಮೋಗ್ಲೋಬಿನ್ ಕೆಂಪನ್ನು ಹೆಚ್ಚು ಹೀರುತ್ತದೆ. ಆದರೆ ಬೆರಳಲ್ಲಿ ರಕ್ತ ಮಾತ್ರ ಇಲ್ಲವಲ್ಲ. ಚರ್ಮ, ಮಾಂಸ, ಮೂಳೆ, ಉಗುರು ಎಲ್ಲವೂ ಬೆಳಕು ತಿನ್ನುತ್ತವೆ. ಧಮನಿಯ ರಕ್ತವನ್ನಷ್ಟೇ ಬೇರ್ಪಡಿಸುವ ಉಪಾಯ ಹೊಳೆದದ್ದು ಜಪಾನಿನ ನಿಹೋನ್ ಕೋಡೆನ್ ಕಂಪನಿಯ ಎಂಜಿನಿಯರ್ ತಕುವೊ ಅವೊಯಾಗಿಗೆ, 1970ರ ದಶಕದ ಮೊದಲ ಭಾಗದಲ್ಲಿ. ಅವರು ಅಳೆಯಲು ಹೊರಟಿದ್ದು ಬೇರೆಯದನ್ನೇ, ಹೃದಯ ಎಷ್ಟು ರಕ್ತ ದೂಡುತ್ತದೆ ಎಂಬುದನ್ನು. ಅದಕ್ಕೆ ನಾಡಿಯ ಮಿಡಿತ ಅಡ್ಡಿಯಾಗುತ್ತಿತ್ತು. ಮಿಡಿಯುವುದು ಧಮನಿಯ ರಕ್ತ ಮಾತ್ರವಾದ್ದರಿಂದ, ಬೆಳಕಿನ ಏರಿಳಿತದ ಭಾಗವನ್ನಷ್ಟೇ ತೆಗೆದುಕೊಂಡರೆ ಉಳಿದುದೆಲ್ಲ ತಾನಾಗಿ ಹೊರಗುಳಿಯುತ್ತದೆ. ಕಿರಿಕಿರಿಯೇ ಅಳತೆಯಾಯಿತು.

ಸಾಧನಕ್ಕೆ ನಿಜವಾಗಿ ಸಿಗುವುದು ಒಂದು ಅನುಪಾತ: ಕೆಂಪಿನ ಏರಿಳಿತ ಇನ್‌ಫ್ರಾರೆಡ್ಡಿನ ಏರಿಳಿತದ ಎಷ್ಟು ಪಾಲು ಎಂಬುದು. ಅನುಪಾತ 1 ಬಂದರೆ ಪರದೆಯಲ್ಲಿ ಸುಮಾರು 85 ಮೂಡುತ್ತದೆ. ಅನುಪಾತ ಇಳಿದಂತೆ ಅಂಕಿ ಏರುತ್ತದೆ. ಯಾವ ಅನುಪಾತಕ್ಕೆ ಯಾವ ಅಂಕಿ ಎಂಬುದನ್ನು ಯಾವ ಭೌತಶಾಸ್ತ್ರದ ಸೂತ್ರವೂ ನೇರವಾಗಿ ಕೊಡುವುದಿಲ್ಲ. ಅದು ಮೊದಲೇ ಮನುಷ್ಯರ ಮೇಲೆ ಅಳೆದು, ಪಟ್ಟಿ ಮಾಡಿ, ಸಾಧನದ ಎಲೆಕ್ಟ್ರಾನಿಕ್ ಚಿಪ್‌ನೊಳಗೆ ತುಂಬಿಟ್ಟದ್ದು.

ನಮ್ಮ ಹಳೆಯ ತರ್ಕಶಾಸ್ತ್ರ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಪರದೆಯ ಅಂಕಿ ಪ್ರತ್ಯಕ್ಷದಂತೆ ಕಂಡರೂ ಅದು ಅನುಮಾನ ಪ್ರಮಾಣ, ಅಂದರೆ ಗುರುತು ನೋಡಿ ತರ್ಕದಿಂದ ಪಡೆದ ತಿಳಿವು. ಹೊಗೆ ಕಂಡು ಬೆಂಕಿಯನ್ನು ಊಹಿಸಿದಂತೆ, ಅನುಪಾತ ಕಂಡು ಆಮ್ಲಜನಕವನ್ನು ಊಹಿಸುವುದು. ಅನುಮಾನ ನಿಲ್ಲುವುದು ವ್ಯಾಪ್ತಿಯ ಮೇಲೆ, ಅಂದರೆ ಇದು ಇದ್ದಲ್ಲೆಲ್ಲ ಅದು ಇದ್ದೇ ಇದೆ ಎಂಬ ತಪ್ಪದ ನಂಟಿನ ಮೇಲೆ. ಈ ನಂಟನ್ನು ಎಲ್ಲಿ ನೋಡಿ ಕಟ್ಟಿದರು, ಯಾರ ಬೆರಳಲ್ಲಿ ನೋಡಿ ಕಟ್ಟಿದರು? ಆಕ್ಸಿಮೀಟರಿನ ಎಲ್ಲ ತಂಟೆಯೂ ಈ ಪ್ರಶ್ನೆಯಲ್ಲೇ ಅಡಗಿದೆ.

ಕಟ್ಟುವ ಬಗೆ ಹೀಗೆ. ಆರೋಗ್ಯವಂತ ಸ್ವಯಂಸೇವಕರನ್ನು ಕರೆದು, ಆಮ್ಲಜನಕ ಕಡಿಮೆ ಮಾಡಿದ ಗಾಳಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಉಸಿರಾಡಿಸುತ್ತಾರೆ. ಧಮನಿಗೆ ಹಾಕಿದ ಕೊಳವೆಯಿಂದ ಒಂದೊಂದು ಮೆಟ್ಟಿಲಲ್ಲೂ ರಕ್ತ ತೆಗೆದು ಪ್ರಯೋಗಶಾಲೆಯ ಯಂತ್ರದಲ್ಲಿ ನೇರವಾಗಿ ಅಳೆಯುತ್ತಾರೆ; ಅದೇ ಕ್ಷಣ ಕ್ಲಿಪ್ ತೋರಿಸಿದ್ದನ್ನೂ ಬರೆದುಕೊಳ್ಳುತ್ತಾರೆ. 100ರಿಂದ ಸುಮಾರು 70ರವರೆಗೆ ಹೀಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಒಬ್ಬ ಆರೋಗ್ಯವಂತನನ್ನು ಬರೀ ಅಳತೆಗಾಗಿ ತಳ್ಳುವಂತಿಲ್ಲ. ಮನುಷ್ಯರ ಮೇಲಿನ ಪ್ರಯೋಗಗಳಿಗೆ 1947ರ ನ್ಯೂರೆಂಬರ್ಗ್ ಸಂಹಿತೆ, 1964ರ ಹೆಲ್ಸಿಂಕಿ ಘೋಷಣೆ ಹಾಕಿಕೊಟ್ಟ ಗೆರೆ ಅದು. ಆದ್ದರಿಂದ 70ಕ್ಕಿಂತ ಕೆಳಗಿನ ಯಾವ ಅಂಕಿಯೂ ಅಳತೆಯಲ್ಲ, ಗೆರೆಯನ್ನು ಮುಂದಕ್ಕೆ ಎಳೆದು ಮಾಡಿದ ಊಹೆ. ಆರೋಗ್ಯಕ್ಕೂ ಮಾನವ ಹಕ್ಕಿಗೂ ಇರುವ ನಂಟು ಔಷಧಿ ಹಂಚುವಲ್ಲಿಂದ ಶುರುವಾಗುತ್ತದೆ ಎಂದುಕೊಂಡವರು ಇದನ್ನು ಗಮನಿಸಬೇಕು: ನಮಗೆ ಏನು ತಿಳಿಯಬಹುದು ಎಂಬುದರ ಬೇಲಿಯನ್ನೇ ಹಕ್ಕು ನೆಟ್ಟಿದೆ. ಈ ಅಜ್ಞಾನ ಮಾನವಂತ ಅಜ್ಞಾನ.

ಇನ್ನೊಂದು ಬಗೆಯ ಅಜ್ಞಾನಕ್ಕೆ ಆ ಮಾನವಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2013ರಲ್ಲಿ ಕೊಟ್ಟ ಮಾರ್ಗಸೂಚಿ ಕೇಳಿದ್ದು ಕನಿಷ್ಠ 10 ಜನ, ಒಟ್ಟು 200 ಜೋಡಿ ಅಳತೆ. ಅವರಲ್ಲಿ ಕಪ್ಪು ಚರ್ಮದವರು ಕನಿಷ್ಠ 2 ಮಂದಿ ಅಥವಾ ಶೇ. 15, ಎರಡರಲ್ಲಿ ಯಾವುದು ಹೆಚ್ಚೋ ಅದು. ಹತ್ತರಲ್ಲಿ ಇಬ್ಬರು! ಇಬ್ಬರ ಬೆರಳಲ್ಲಿ ಅಳತೆ ಅಷ್ಟಿಷ್ಟು ಓರೆಯಾದರೂ ಉಳಿದ ಎಂಟರ ಸರಾಸರಿ ಅದನ್ನು ಮುಚ್ಚಿಹಾಕುತ್ತದೆ.

ಓರೆಯಾಗುವುದೇಕೆ? ತತ್ತ್ವಕ್ಕೆ ಹೇಳುವುದಾದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮಿಡಿಯುವುದಿಲ್ಲ, ಆದ್ದರಿಂದ ಲೆಕ್ಕದಿಂದ ಹೊರಗೆ ಹೋಗಬೇಕು. ಆದರೆ ಎಲ್‌ಇಡಿ ಒಂದೇ ಒಂದು ತರಂಗಾಂತರದ ಬೆಳಕು ಬಿಡುವುದಿಲ್ಲ, 660ರ ಅಕ್ಕಪಕ್ಕದ ಒಂದು ಪಟ್ಟಿಯನ್ನೇ ಬಿಡುತ್ತದೆ. ಮೆಲನಿನ್ ಚಿಕ್ಕ ತರಂಗಾಂತರವನ್ನು ಹೆಚ್ಚು ನುಂಗುವುದರಿಂದ ಆ ಪಟ್ಟಿಯ ಒಂದು ಅಂಚು ಸವೆದು, ರಕ್ತವನ್ನು ತಲುಪುವ ಕೆಂಪು ತುಸು ಉದ್ದ ತರಂಗದ ಕಡೆಗೆ ಜಾರುತ್ತದೆ. ಅನುಪಾತ ಬದಲಾಗುತ್ತದೆ, ಚಿಪ್‌ನೊಳಗಿನ ಅಂಕಿಪಟ್ಟಿ ಮಾತ್ರ ಹಳೆಯದೇ. ಪರಿಣಾಮವಾಗಿ ಕಪ್ಪು ಚರ್ಮದಲ್ಲಿ ಆಮ್ಲಜನಕ ಇರುವುದಕ್ಕಿಂತ ಹೆಚ್ಚೆಂದು ತೋರುತ್ತದೆ, ಅದೂ ಆಮ್ಲಜನಕ ಕುಸಿದಾಗ, ಅಂದರೆ ಅಂಕಿ ಬೇಕೇ ಬೇಕಾದಾಗ, ಹೆಚ್ಚು ತೋರುತ್ತದೆ. ನ್ಯಾಯ ದರ್ಶನದ ತರ್ಕಿಗಳಾದ ನೈಯಾಯಿಕರು ಇದನ್ನು ಉಪಾಧಿ, ಅಂದರೆ ಅಡಗಿ ಕೂತ ಷರತ್ತು ಎನ್ನುತ್ತಿದ್ದರು. ಬೆಂಕಿ ಇದ್ದಲ್ಲೆಲ್ಲ ಹೊಗೆ ಎಂಬ ಮಾತು ನಿಜವಾಗಿ ಕಾಣುವುದು ಕಟ್ಟಿಗೆ ಹಸಿಯಾಗಿದ್ದಾಗ ಮಾತ್ರ. ಹಸಿ ಕಟ್ಟಿಗೆಯನ್ನಷ್ಟೇ ಕಂಡವನಿಗೆ ಆ ಷರತ್ತು ಕಣ್ಣಿಗೆ ಬೀಳುವುದೇ ಇಲ್ಲ. ಬಿಳಿ ಚರ್ಮ ಆಕ್ಸಿಮೀಟರಿನ ಹಸಿ ಕಟ್ಟಿಗೆ.

ಇದು ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ವೆಂಟಿಲೇಟರಿನ ಮೇಲಿದ್ದ ಕಪ್ಪು ರೋಗಿಗಳಲ್ಲಿ ಅಳತೆ ತಪ್ಪುತ್ತದೆ ಎಂಬ ವರದಿ 1990ರಲ್ಲೇ ಬಂದಿತ್ತು, ಪ್ರಯೋಗಶಾಲೆಯ ಖಚಿತ ಅಳತೆ 2005ರಲ್ಲಿ. ಎರಡು ವರದಿಗಳೂ ವೈದ್ಯಕೀಯ ಪತ್ರಿಕೆಗಳ ಕಪಾಟಿನಲ್ಲೇ ಉಳಿದವು. 2020ರ ಆಗಸ್ಟಿನಲ್ಲಿ ಪ್ರಶ್ನೆಯನ್ನು ಮತ್ತೆ ಬೀದಿಗೆ ತಂದದ್ದು ವೈದ್ಯರಲ್ಲ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆ ಏಮಿ ಮೊರಾನ್-ಥಾಮಸ್. ಅವರ ಲೇಖನ ಓದಿದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ತಮ್ಮ ಕಡತಗಳಲ್ಲೇ ಇದ್ದ ಸಾವಿರಾರು ಜೋಡಿ ಅಳತೆಗಳನ್ನು ತೆರೆದು ನೋಡಿದರು. ಅದೇ ಡಿಸೆಂಬರಿನಲ್ಲಿ ಪ್ರಕಟವಾದ ಫಲಿತಾಂಶ: ಕ್ಲಿಪ್ 92ರಿಂದ 96 ತೋರಿಸುತ್ತಿದ್ದಾಗ ನಿಜಕ್ಕೂ 88ಕ್ಕಿಂತ ಕೆಳಗಿದ್ದವರು ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7. ಹೊಸ ಪ್ರಯೋಗ ಬೇಕಿರಲಿಲ್ಲ, ಹೊಸ ಯಂತ್ರ ಬೇಕಿರಲಿಲ್ಲ. ಕೇಳುವವರು ಬೇಕಿತ್ತು.

ಅಂಕಿ ತಪ್ಪಾದರೆ ಹೋಗುವುದೇನು ಎನ್ನುವವರಿಗೆ ಅದೇ ವರ್ಷದ ಉದಾಹರಣೆ ಸಾಕು. ಕೋವಿಡ್ ಚಿಕಿತ್ಸೆಯ ರೆಮ್ಡೆಸಿವಿರ್ ಔಷಧಿಗೆ ಅಮೆರಿಕ ಕೊಟ್ಟ ತುರ್ತು ಅನುಮತಿ ತೀವ್ರ ಕಾಯಿಲೆ ಎಂದು ಗುರುತಿಸಿದ್ದು, ಸಾಮಾನ್ಯ ಗಾಳಿಯಲ್ಲಿ ಅಂಕಿ 94 ಅಥವಾ ಕೆಳಗೆ ಇದ್ದರೆ. ಅಲ್ಲಿಗೆ ಅಂಕಿ ಬರೀ ಅಳತೆಯಾಗಿ ಉಳಿಯಲಿಲ್ಲ, ಅರ್ಹತಾಪತ್ರವಾಯಿತು. ಚಿಕಿತ್ಸೆಗೆ ಅರ್ಹರಾದ ಕಪ್ಪು ಮತ್ತು ಹಿಸ್ಪಾನಿಕ್ ರೋಗಿಗಳನ್ನು ಗುರುತಿಸುವುದೇ ತಡವಾಗುತ್ತಿತ್ತು, ಕೆಲವರನ್ನು ಗುರುತಿಸಲೇ ಇಲ್ಲ ಎಂದು 2022ರ ಅಧ್ಯಯನ ತೋರಿಸಿತು. ಬಾಗಿಲಲ್ಲಿ ಯಾರೂ ನಿಂತು ತಡೆಯಲಿಲ್ಲ. ತಡೆದದ್ದು ಪರದೆಯ ಮೇಲಿನ ಎರಡಂಕಿಯ ಸಂಖ್ಯೆ.

ಹಕ್ಕಿನ ಪಠ್ಯಗಳು ಈ ವಿಷಯದಲ್ಲಿ ನಾವು ಎಣಿಸಿದ್ದಕ್ಕಿಂತ ಚುರುಕಾಗಿವೆ. ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ 1966ರ ಅಂತರರಾಷ್ಟ್ರೀಯ ಒಡಂಬಡಿಕೆಯ 12ನೇ ವಿಧಿ ಆರೋಗ್ಯದ ಹಕ್ಕು. 15ನೇ ವಿಧಿ ವಿಜ್ಞಾನದ ಮುನ್ನಡೆಯ ಫಲದಲ್ಲಿ ಪಾಲಿನ ಹಕ್ಕು. 12ನೇ ವಿಧಿಯನ್ನು ಬಿಡಿಸಿ ಹೇಳುವ, ವಿಶ್ವಸಂಸ್ಥೆಯ ಸಮಿತಿಯ 2000ದ ಸಾಮಾನ್ಯ ಟಿಪ್ಪಣಿ 14 ನಾಲ್ಕು ಒರೆಗಲ್ಲು ಕೊಡುತ್ತದೆ: ಲಭ್ಯತೆ, ಕೈಗೆಟುಕುವಿಕೆ, ಒಪ್ಪುವಂತಿರುವಿಕೆ, ಗುಣಮಟ್ಟ. ಲಭ್ಯತೆಯಲ್ಲೇ ಆಕ್ಸಿಮೀಟರ್ ಮುಗ್ಗರಿಸುತ್ತದೆ. ಜಗತ್ತಿನ ಸುಮಾರು 77,700 ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಇದು ಇಲ್ಲ ಎಂದು 2010ರ ಅಂದಾಜು ಹೇಳಿತ್ತು. ಒಪ್ಪುವಂತಿರುವಿಕೆಯಲ್ಲಿ ಪೂರ್ಣ ಅಂಕ: ಸೂಜಿಯಿಲ್ಲ, ನೋವಿಲ್ಲ, ಬಟ್ಟೆ ಬಿಚ್ಚಬೇಕಿಲ್ಲ. ಕೈಗೆಟುಕುವಿಕೆಯೊಳಗೆ ಟಿಪ್ಪಣಿ ಎರಡು ಮಾತು ಸೇರಿಸುತ್ತದೆ, ತಾರತಮ್ಯ ಇರಬಾರದು, ಮಾಹಿತಿ ಸಿಗಬೇಕು. ಈಗ ಪೆಟ್ಟಿಗೆ ತಿರುಗಿಸಿ ಓದಿ ನೋಡಿ: ಎಷ್ಟು ಜನರ ಮೇಲೆ ಪರೀಕ್ಷಿಸಿದರು, ಯಾವ ಚರ್ಮಬಣ್ಣದವರು ಎಷ್ಟು ಎಂಬ ಸಾಲು ಸಿಗುವುದು ಅಪರೂಪ. ಬಿಸ್ಕತ್ತಿನ ಪೊಟ್ಟಣದಲ್ಲಿ ಸಕ್ಕರೆ ಎಷ್ಟೆಂದು ಬರೆಯುವ ಕಾಲದಲ್ಲಿ ಇದೊಂದು ಸೋಜಿಗ. ಇನ್ನು ಗುಣಮಟ್ಟ. ಸಾಧನ ವೈಜ್ಞಾನಿಕವಾಗಿ ತಕ್ಕುದಾಗಿರಬೇಕು ಎನ್ನುತ್ತದೆ ಟಿಪ್ಪಣಿ. ಯಾರಿಗೆ ತಕ್ಕುದು ಎಂದು ಕೇಳದೆ ಆ ಮಾತಿಗೆ ಅರ್ಥವಿಲ್ಲ.

ನಿಖರತೆಯ ಲೆಕ್ಕವನ್ನು ಇಲ್ಲೇ ಮುಗಿಸಿಬಿಡೋಣ. ಕೈಪಿಡಿಯಲ್ಲಿ ಎ-ಆರ್‌ಎಂಎಸ್ ಎಂಬ ಅಂಕಿ ಇರುತ್ತದೆ, ಕ್ಲಿಪ್ಪಿನ ಅಳತೆ ರಕ್ತಪರೀಕ್ಷೆಯ ಅಳತೆಯಿಂದ ಎಷ್ಟು ದೂರ ಬೀಳುತ್ತದೆ ಎಂಬುದರ ಒಟ್ಟು ಲೆಕ್ಕ. ಎಫ್‌ಡಿಎ ಬೆರಳ ಕ್ಲಿಪ್ಪಿಗೆ 3ರೊಳಗೆ ಇರಲಿ ಎನ್ನುತ್ತದೆ, ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡ 4ರವರೆಗೆ ಬಿಡುತ್ತದೆ. ಅದನ್ನು ಬಹಳ ಜನ ಗರಿಷ್ಠ ತಪ್ಪು ಎಂದು ಓದುತ್ತಾರೆ; ಅಲ್ಲ. ಸುಮಾರು ಮೂರರಲ್ಲಿ ಎರಡು ಅಳತೆ ಅಷ್ಟರೊಳಗೆ ಬೀಳುತ್ತವೆ ಎಂದಷ್ಟೇ ಅರ್ಥ; ಮೂರನೆಯದು ಹೊರಗೆ. ಅನುಮತಿ ಪಡೆದ ಸಾಧನ 90 ತೋರಿಸಿದರೆ ನಿಜವಾದದ್ದು ಸಾಮಾನ್ಯವಾಗಿ 86ರಿಂದ 94ರ ನಡುವೆ ಎಂದು ಎಫ್‌ಡಿಎಯೇ ವಿವರಿಸಿದೆ. ಹೀಗಿರುವಾಗ 93 ಬಂದವರನ್ನು ಒಳಗೆ, 94 ಬಂದವರನ್ನು ಮನೆಗೆ ಎಂದು ಕತ್ತರಿಸುವ ನಿಯಮ ಅಳತೆಯ ಶಕ್ತಿಗೆ ಮೀರಿದ್ದು. ಅಂಚಿನ ಅಂಕಿಗಳಿಗೆ ಎರಡನೇ ಸಾಕ್ಷಿ ಬೇಕು ಎಂದು ನಿಯಮದಲ್ಲೇ ಬರೆಯಬೇಕು.

ಎರಡನೇ ಸಾಕ್ಷಿ ಯಾರು? ರೋಗಿ. ಒಬ್ಬರ ಮಾತನ್ನು ಅವರು ಯಾರೆಂಬ ಕಾರಣಕ್ಕೆ ಕಡಿಮೆ ನಂಬುವುದಕ್ಕೆ ಬ್ರಿಟಿಷ್ ತತ್ತ್ವಜ್ಞಾನಿ ಮಿರಾಂಡಾ ಫ್ರಿಕರ್ 2007ರಲ್ಲಿ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ಸಾಕ್ಷ್ಯದ ಅನ್ಯಾಯ ಎನ್ನಬಹುದು. ಉಸಿರು ಸಾಲುತ್ತಿಲ್ಲ ಎನ್ನುವವರ ಮುಂದೆ ಪರದೆ ಹಿಡಿದು ‘97 ಇದೆಯಲ್ಲ, ಏನೂ ಆಗಿಲ್ಲ’ ಎನ್ನುವಾಗ ನಡೆಯುವುದು ಅದೇ, ಅದೂ ಯಂತ್ರದ ಕೈಯಿಂದ. ತನ್ನ ಉಸಿರಿನ ವಿಷಯದಲ್ಲಿ ರೋಗಿಯೇ ಆಪ್ತ, ಅವರ ಮಾತು ಆಪ್ತವಾಕ್ಯ, ಅಂದರೆ ಬಲ್ಲವರ ನಂಬಬಹುದಾದ ಮಾತು.

ಹಾಗೆಂದು ಯಂತ್ರ ಯಾವಾಗಲೂ ಸೋಲಬೇಕು ಎನ್ನುವುದೂ ಸರಿಯಲ್ಲ. ಕೋವಿಡ್ ಕಾಲದಲ್ಲಿ ಹಾಯಾಗಿ ಮಾತಾಡುತ್ತ ಕೂತವರ ಬೆರಳಲ್ಲಿ 80 ಕಂಡದ್ದುಂಟು, ಆಗ ಸರಿಯಿದ್ದದ್ದು ಕ್ಲಿಪ್ಪೇ. ಹಾಗಾಗಿ ನಿಯಮ ಎರಡೂ ಕಡೆ ಒಂದೇ ಆಗಲಾರದು. ಮಿಡಿತದ ಸಂಕೇತ ಚೆನ್ನಾಗಿದ್ದು ಅಂಕಿ ಕಡಿಮೆ ಬಂದರೆ, ರೋಗಿ ಚೆನ್ನಾಗಿದ್ದೇನೆ ಎಂದರೂ ನಂಬಿ. ಅಂಕಿ ಚೆನ್ನಾಗಿದ್ದು ರೋಗಿ ಉಸಿರು ಕಟ್ಟುತ್ತಿದೆ ಎಂದರೆ ಅಂಕಿಯನ್ನು ನಂಬಬೇಡಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ 12ರಿಂದ 20 ಸಹಜ, 25 ಮುಟ್ಟಿದರೆ ಅಪಾಯ. ಪೂರ್ತಿ ವಾಕ್ಯ ಆಡಲು ಆಗುತ್ತಿದೆಯೇ ನೋಡಿ. ಸಂದೇಹ ಉಳಿದರೆ ಧಮನಿ ರಕ್ತದ ಪರೀಕ್ಷೆ, ಎಬಿಜಿ.

ಎಲ್ಲ ಸರಿಯಿದ್ದಾಗಲೂ ಅಂಕಿ ಹೇಳದ ಸಂಗತಿಗಳು ಇವೆ. ಅದು ಶೇಕಡಾವಾರು, ಯಾವುದರ ಶೇಕಡಾ ಎಂದು ಕೇಳಬೇಕು. ಹಿಮೋಗ್ಲೋಬಿನ್ 15 ಗ್ರಾಂ ಇರುವವರಲ್ಲಿ 98 ಎಂದರೆ ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 19.7 ಮಿಲಿಲೀಟರ್ ಆಮ್ಲಜನಕ. ರಕ್ತಹೀನತೆಯಿಂದ ಹಿಮೋಗ್ಲೋಬಿನ್ 7ಕ್ಕೆ ಇಳಿದವರಲ್ಲೂ ಪರದೆ ಅದೇ 98 ತೋರಿಸುತ್ತದೆ, ಇರುವುದು ಮಾತ್ರ ಸುಮಾರು 9.2. ಬಸ್ಸು ಭರ್ತಿ ಎಂದರಾಯಿತೇ, ಬಸ್ಸುಗಳೆಷ್ಟು? ಹೊಗೆ ತುಂಬಿದ ಕೋಣೆಯಿಂದ ಬಂದವರಲ್ಲಿ ಇನ್ನೂ ಕೆಟ್ಟ ಮೋಸ: ಕಾರ್ಬನ್ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನನ್ನು ಎರಡು ದೀಪದ ಸಾಧನ ಆಮ್ಲಜನಕ ಹೊತ್ತದ್ದೆಂದೇ ಓದುತ್ತದೆ. ಸಾಯುತ್ತಿರುವವರ ಬೆರಳಲ್ಲೂ 99 ಬರಬಹುದು. ಆಮ್ಲಜನಕ ಹೊರಲಾರದಂತೆ ಬದಲಾದ ಹಿಮೋಗ್ಲೋಬಿನ್, ಅಂದರೆ ಮೆಥಿಮೋಗ್ಲೋಬಿನ್, ಏರಿದಾಗ ಅಂಕಿ 85ರ ಸುತ್ತ ಅಂಟಿಕೊಂಡು ಅಲುಗುವುದಿಲ್ಲ. ಅನುಪಾತ 1ರ ಕಡೆಗೆ ಎಳೆಯಲ್ಪಡುವುದೇ ಕಾರಣ. ಮೂಗಿನ ನಳಿಕೆಯಲ್ಲಿ ಆಮ್ಲಜನಕ ಹೋಗುತ್ತಿರುವವರ ಉಸಿರಾಟ ಕುಗ್ಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತಿದ್ದರೂ ಕ್ಲಿಪ್ಪಿಗೆ ಅದು ಕಾಣದು.

ಬಳಸುವ ಕ್ರಮ ಸರಳ, ತಪ್ಪುವುದೂ ಅಲ್ಲೇ. ಐದು ನಿಮಿಷ ಸುಮ್ಮನೆ ಕೂತಿರಬೇಕು. ನೇಲ್ ಪಾಲಿಶ್, ಕೃತಕ ಉಗುರು ತೆಗೆಯಬೇಕು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ತಣ್ಣನೆಯ ಬೆರಳಲ್ಲಿ ಮಿಡಿತ ಕ್ಷೀಣ, ಮಿಡಿತವಿಲ್ಲದೆ ಅಳತೆಯಿಲ್ಲ. ತೋರುಬೆರಳನ್ನೋ ನಡುಬೆರಳನ್ನೋ ಕ್ಲಿಪ್ಪಿನ ತುದಿ ಮುಟ್ಟುವವರೆಗೆ ತೂರಿಸಿ. ಅರ್ಧ ತೂರಿಸಿದರೆ ಬೆಳಕು ಬೆರಳಿನೊಳಗೆ ಹೋಗದೆ ಪಕ್ಕದಿಂದ ನೇರ ಡಯೋಡಿಗೆ ಸೋರುತ್ತದೆ. ಕೈಯನ್ನು ಎದೆಯ ಮಟ್ಟದಲ್ಲಿ ಆನಿಸಿ ಅಲುಗಾಡಿಸದೆ ಒಂದು ನಿಮಿಷ ಇಡಿ, ಅಂಕಿ ಐದು ಸೆಕೆಂಡು ಬದಲಾಗದೆ ನಿಂತ ಮೇಲೆ ಬರೆದುಕೊಳ್ಳಿ. ಮೊದಲು ಮೂಡಿದ ಅಂಕಿಯನ್ನು ಬರೆದು ಗಾಬರಿಯಾಗುವುದು ತೀರ ಸಾಮಾನ್ಯ ತಪ್ಪು. ಅದೇ ಹೊತ್ತಿಗೆ ಇನ್ನೊಂದು ಕೈಯ ಮಣಿಕಟ್ಟಿನಲ್ಲಿ ನಾಡಿ ಎಣಿಸಿ ಪರದೆಯ ನಾಡಿಸಂಖ್ಯೆಗೆ ತಾಳೆ ನೋಡಿ. ನಾಡಿಯನ್ನೇ ತಪ್ಪು ಎಣಿಸಿದ ಸಾಧನ ಆಮ್ಲಜನಕವನ್ನು ಸರಿ ಎಣಿಸಲಾರದು. ರಕ್ತದೊತ್ತಡದ ಪಟ್ಟಿ ಕಟ್ಟಿದ ಕೈಯಲ್ಲಿ ಅಳೆಯಬೇಡಿ. ದೊಡ್ಡವರ ಕ್ಲಿಪ್ಪನ್ನು ಕೂಸಿನ ಬೆರಳಿಗೆ ಹಾಕಬೇಡಿ, ಅವರಿಗೆ ಸುತ್ತಿ ಅಂಟಿಸುವ ಸೆನ್ಸರ್ ಬೇರೆಯೇ ಇದೆ.

ಈ ಸಾಧನ ನಿಜಕ್ಕೂ ಹೊಳೆಯುವುದು ಒಂದೇ ಅಂಕಿಯಲ್ಲಲ್ಲ, ಅಂಕಿಗಳ ಸಾಲಿನಲ್ಲಿ. ಆರೋಗ್ಯವಾಗಿರುವಾಗಲೇ ನಾಲ್ಕಾರು ದಿನ, ಅದೇ ಬೆರಳು, ಅದೇ ಸಾಧನದಲ್ಲಿ ಅಳೆದು ನಿಮ್ಮ ಸಹಜ ಅಂಕಿ ಬರೆದಿಡಿ. ಓರೆಯ ಸಾಧನವೂ ಒಬ್ಬರ ಮಟ್ಟಿಗೆ ಹೆಚ್ಚುಕಡಿಮೆ ಒಂದೇ ಕಡೆಗೆ ಓರೆಯಾಗಿರುವುದರಿಂದ ಕುಸಿತ ಗೊತ್ತಾಗುತ್ತದೆ. ನಿಮ್ಮ ಸಹಜಕ್ಕಿಂತ 3 ಅಥವಾ 4 ಇಳಿದರೆ, ಉಳಿದ ಅಂಕಿ ಚಂದವಿದ್ದರೂ ವೈದ್ಯರಿಗೆ ಹೇಳಿ. ರಕ್ತದಲ್ಲಿನ ಆಮ್ಲಜನಕದ ಒತ್ತಡಕ್ಕೂ ಈ ಶೇಕಡಾ ಅಂಕಿಗೂ ಇರುವ ನಂಟನ್ನು ತೋರುವ ವಕ್ರರೇಖೆ ಮೇಲ್ಗಡೆ ಚಪ್ಪಟೆ. 98ರಿಂದ 94ಕ್ಕೆ ಇಳಿದಾಗಲೇ ಶ್ವಾಸಕೋಶ ಸಾಕಷ್ಟು ಸೋತಿರುತ್ತದೆ, 90ರ ಕೆಳಗೆ ಜಾರು ಕಡಿದಾದದ್ದು. ಕಪ್ಪು ಚರ್ಮದಲ್ಲಿ ಆಮ್ಲಜನಕ ಕುಸಿದಂತೆ ಓರೆಯೂ ಬೆಳೆಯುವುದರಿಂದ ಪರದೆಯ ಕುಸಿತ ನಿಜದ್ದಕ್ಕಿಂತ ಸಣ್ಣದಾಗಿ ಕಂಡೀತು; ಅಲ್ಲಿ ಇನ್ನೂ ಬೇಗ ಎಚ್ಚರಾಗುವುದು ಲೇಸು.

ಕೊಳ್ಳುವವರಿಗೆ: ವೈದ್ಯಕೀಯ ಸಾಧನವೆಂದು ಅನುಮತಿ ಪಡೆದದ್ದೇ ಆಗಿರಲಿ. ಕ್ಷೇಮಕ್ಕೆ, ಕ್ರೀಡೆಗೆ ಎಂದು ಬರೆದದ್ದನ್ನು ಅನುಮತಿ ಕೊಡುವ ಸಂಸ್ಥೆಗಳು ಸಾಮಾನ್ಯವಾಗಿ ಒರೆಗೆ ಹಚ್ಚಿರುವುದಿಲ್ಲ. ಕೈಗಡಿಯಾರದ ಅಂಕಿಗೂ ಸಾಮಾನ್ಯವಾಗಿ ಇದೇ ಮಾತು. ಪರದೆಯಲ್ಲಿ ಮಿಡಿತದ ಅಲೆ ಅಥವಾ ಏರಿಳಿಯುವ ಕಂಬ ಇರಬೇಕು; ಬರೀ ಅಂಕಿ ತೋರಿಸುವುದು ಬೇಡ, ಅದು ತನ್ನ ಆಧಾರ ಹೇಳದ ಸಾಕ್ಷಿ. ಮಿಡಿತದ ಸಂಕೇತ ಎಷ್ಟು ಬಲವಾಗಿದೆ ಎಂದು ಹೇಳುವ ಪರ್ಫ್ಯೂಶನ್ ಇಂಡೆಕ್ಸ್ ಇದ್ದರೆ ಇನ್ನೂ ಒಳ್ಳೆಯದು. ಕೈಪಿಡಿಯಲ್ಲಿ ಎ-ಆರ್‌ಎಂಎಸ್ ಮತ್ತು ಅದು ಅನ್ವಯಿಸುವ ವ್ಯಾಪ್ತಿ, ಉದಾಹರಣೆಗೆ 70ರಿಂದ 100, ಬರೆದಿರಬೇಕು. ಆಸ್ಪತ್ರೆಗೆ ಸಗಟು ಕೊಳ್ಳುವವರು ಇನ್ನೊಂದು ಹೆಜ್ಜೆ ಹೋಗಬಹುದು, ಚರ್ಮಬಣ್ಣವಾರು ಪರೀಕ್ಷೆಯ ಫಲಿತಾಂಶ ಕೊಡಿ ಎಂದು ಟೆಂಡರಿನಲ್ಲೇ ಕೇಳಬಹುದು. ಕೇಳಲು ಈಗ ಆಧಾರವಿದೆ: 2025ರ ಜನವರಿಯ ಎಫ್‌ಡಿಎ ಕರಡು 10ರ ಬದಲು 150 ಅಥವಾ ಹೆಚ್ಚು ಜನರನ್ನು ಸೂಚಿಸುತ್ತದೆ, ಹತ್ತು ಮೆಟ್ಟಿಲಿನ ಮಾಂಕ್ ಚರ್ಮಬಣ್ಣ ಮಾಪಕವನ್ನು ಮೂರು ಗುಂಪಾಗಿಸಿ ಪ್ರತಿ ಗುಂಪಿನಿಂದಲೂ ಕನಿಷ್ಠ ಶೇ. 25 ಮಂದಿ ಇರಲಿ ಎನ್ನುತ್ತದೆ. ಬ್ರಿಟನ್ನಿನಲ್ಲಿ ವೈದ್ಯಕೀಯ ಸಾಧನಗಳಲ್ಲಿನ ಅಸಮಾನತೆಯ ಬಗ್ಗೆ ನಡೆದ ಸ್ವತಂತ್ರ ಪರಿಶೀಲನೆಯ ವರದಿ 2024ರ ಮಾರ್ಚಿನಲ್ಲಿ ಬಂದಿದೆ. ಮಾರುವವರ ಬಳಿ ಫಲಿತಾಂಶ ಇಲ್ಲವೆಂದರೆ ಅದೂ ಒಂದು ಉತ್ತರವೇ, ಕಡತದಲ್ಲಿ ಬರೆದಿಡಿ.

ಅಂಕ ಕೊಡುವುದಾದರೆ, ಕುಸಿತವನ್ನು ಹಿಡಿಯುವ ಕೆಲಸಕ್ಕೆ ಐದರಲ್ಲಿ ನಾಲ್ಕು, ಅರಿವಳಿಕೆ ಕೊಟ್ಟವರ ಪಕ್ಕದಲ್ಲಿ ಐದಕ್ಕೆ ಐದು. ಯಾರಿಗೆ ಚಿಕಿತ್ಸೆ, ಯಾರಿಗಿಲ್ಲ ಎಂದು ಗೆರೆ ಎಳೆಯುವ ಕೆಲಸಕ್ಕೆ ಎರಡು. ಅದನ್ನೂ ಸಾಧನಕ್ಕಿಂತ ಗೆರೆ ಎಳೆದವರ ಖಾತೆಯಿಂದ ಕಳೆಯುವುದು ನ್ಯಾಯ. ಬಹುತೇಕ ಮಾದರಿಗಳಿಗೆ ಎರಡು ಎಎಎ ಬ್ಯಾಟರಿ ಸಾಕು. ತಿಂಗಳುಗಟ್ಟಲೆ ಬಳಸದಿದ್ದರೆ ತೆಗೆದಿಡಿ. ಸೋರಿದ ಬ್ಯಾಟರಿಯ ಕ್ಲಿಪ್ಪು ಬೇಕಾದ ರಾತ್ರಿ ಹೊತ್ತಿಕೊಳ್ಳುವುದೇ ಇಲ್ಲ.